ತಂತಿಯ ನಾದ ಎಲ್ಲಿಗೆ ಮುಗಿಯುತ್ತದೆ: ಸಣ್ಣ ಕೋಣೆಯ ಇಂಡೀ ಫೋಕ್ ಸಂಜೆಗೆ ತಯಾರಿ

ಮಾತು ಶುರುವಾಗುವ ಮೊದಲು ಒಂದು ಕೆಲಸ ಮಾಡೋಣ. ಒಂದು ನಿಮಿಷ ಯಾರೂ ಮಾತಾಡಬೇಡಿ, ಕುರ್ಚಿ ಸರಿಸಬೇಡಿ. ಈ ಕೋಣೆಯಲ್ಲಿ ಏನೇನು ಕೇಳಿಸುತ್ತದೆ ಎಂದು ಬೆರಳಲ್ಲಿ ಎಣಿಸುತ್ತಾ ಹೋಗಿ.

ಆಯಿತು. ಫ್ಯಾನು ಎಲ್ಲರ ಲೆಕ್ಕದಲ್ಲೂ ಬಂದಿರುತ್ತದೆ. ಪ್ರೊಜೆಕ್ಟರಿನ ಒಳಗಿನ ಗಾಳಿ ಅರ್ಧ ಜನಕ್ಕೆ ಕೇಳಿಸಿರಬಹುದು. ಟ್ಯೂಬ್‌ಲೈಟಿನ ಚೋಕ್ ಗುಂಯ್‌ಗುಡುವುದು, ಹೊರಗೆ ಗಾಡಿ ಹೋದದ್ದು, ಪಕ್ಕದವರ ಬಟ್ಟೆ ಸರಕ್ಕೆಂದದ್ದು, ಇವೆಲ್ಲ ಅರ್ಧ ನಿಮಿಷ ಕಳೆದ ಮೇಲೆ ಕಿವಿಗೆ ಬೀಳುವಂಥವು. ಸಣ್ಣ ಜಾಗದಲ್ಲಿ ಇಂಡೀ ಫೋಕ್ ಕಛೇರಿ ಇಟ್ಟುಕೊಂಡವರು ಮೈಕ್ ಎಷ್ಟು, ಸ್ಪೀಕರ್ ಯಾವುದು ಎಂದು ಕೇಳಿಕೊಂಡು ಬರುತ್ತಾರೆ. ಅದಕ್ಕೂ ಮೊದಲು ಆ ಖಾಲಿ ಕೋಣೆಯಲ್ಲಿ ಹೀಗೆ ಒಂದು ನಿಮಿಷ ಕೂತು ಬನ್ನಿ ಎನ್ನುವುದು ನಮ್ಮ ಮೊದಲ ಉತ್ತರ.

ಕಾರಣ ಈ ಸಂಗೀತದ ಸ್ವಭಾವದಲ್ಲೇ ಇದೆ. ಬೆರಳಲ್ಲಿ ಮೀಟಿದ ಗಿಟಾರು, ಉಸಿರು ಬೆರೆತ ಮೆಲುದನಿ, ಉದ್ದಕ್ಕೆ ಎಳೆದ ಚೆಲ್ಲೋ, ಹಾರ್ಮೋನಿಯಮ್ಮಿನದೋ ಶ್ರುತಿ ಪೆಟ್ಟಿಗೆಯದೋ ಆಧಾರ ಶ್ರುತಿ, ನಡುವೆ, ನುಡಿಸಿದ್ದನ್ನೇ ಹಿಡಿದು ಸುತ್ತಿ ಸುತ್ತಿ ಕೇಳಿಸುವ ಲೂಪ್ ಪೆಡಲ್ಲು ಕಟ್ಟಿದ ಮಂಜಿನಂಥ ಪದರ. ತಾಳವಾದ್ಯ ಇರುವುದೇ ಕಡಿಮೆ, ಇದ್ದರೂ ಬ್ರಷ್ಷಿನಲ್ಲಿ ಸವರುವುದು. ಇಲ್ಲಿ ಸ್ವರ ಹುಟ್ಟುವುದಕ್ಕಿಂತ ಸ್ವರ ಸಾಯುವುದೇ ಹೆಚ್ಚು ಹೊತ್ತು ನಡೆಯುತ್ತದೆ. ‘ವಾತಾವರಣ’ ಎಂದು ಎಲ್ಲರೂ ಹೊಗಳುವುದು ಬಹುಮಟ್ಟಿಗೆ ಈ ಸಾಯುವ ಎಳೆಯನ್ನೇ.

ಲೆಕ್ಕ ಹಾಕಿ ನೋಡಿ. ಮೀಟಿದ ತಂತಿ ಕೇಳುಗರ ಬಳಿ 65 ಡೆಸಿಬೆಲ್ ಇದೆ, ಸೆಕೆಂಡಿಗೆ 6 ಡೆಸಿಬೆಲ್‌ನಂತೆ ಇಳಿಯುತ್ತದೆ ಎಂದುಕೊಳ್ಳೋಣ. ಕೋಣೆಯ ಹಿನ್ನೆಲೆ ಸದ್ದು 45 ಡೆಸಿಬೆಲ್ ಇದ್ದರೆ ಮೂರು ಸೆಕೆಂಡು ಚಿಲ್ಲರೆಗೆ ನಾದ ಅದರೊಳಗೆ ಮುಳುಗಿಹೋಗುತ್ತದೆ. ಹಿನ್ನೆಲೆಯನ್ನು 30ಕ್ಕೆ ಇಳಿಸಿದರೆ ಅದೇ ತಂತಿ ಹತ್ತಿರಹತ್ತಿರ ಆರು ಸೆಕೆಂಡು ಕೇಳುತ್ತದೆ. ಗಿಟಾರು ಅದೇ, ಕೈ ಅದೇ, ನಾದದ ಆಯುಷ್ಯ ಮಾತ್ರ ಎರಡರಷ್ಟು ಹತ್ತಿರ. ಇದನ್ನು ದುಡ್ಡು ಕೊಟ್ಟು ತಂದ ಯಾವ ಯಂತ್ರವೂ ಮಾಡಿಕೊಡುವುದಿಲ್ಲ. ವಾಲ್ಯೂಮ್ ಏರಿಸಿದರಾಗದೇ ಎಂದರೆ, ಏರಿಸಬಹುದು. ಆದರೆ ಏರಿಸಿದ ಮೇಲೆ ಅದು ಮೆಲುದನಿಯ ಸಂಗೀತವಾಗಿ ಉಳಿಯುವುದಿಲ್ಲ.

ಗದ್ದಲದಲ್ಲಿ ಈ ಸಂಗೀತ ಏನಾಗುತ್ತದೆ ಎಂಬುದಕ್ಕೆ ಹೆಸರಾಂತ ಉದಾಹರಣೆಯೊಂದಿದೆ. 2008ರಲ್ಲಿ ಅಮೆರಿಕದ ಎನ್‌ಪಿಆರ್ ರೇಡಿಯೊದ ಬಾಬ್ ಬಾಯ್ಲೆನ್ ಮತ್ತು ಸ್ಟೀಫನ್ ಥಾಂಪ್ಸನ್ ಆಸ್ಟಿನ್ ನಗರದಲ್ಲಿ ಲಾರಾ ಗಿಬ್ಸನ್ ಅವರ ಹಾಡು ಕೇಳಲು ಹೋದರು. ಜನರ ಮಾತಿನ ನಡುವೆ ಆಕೆಯ ದನಿ ಕೇಳಿಸಲೇ ಇಲ್ಲ. ಬಾಯ್ಲೆನ್ ಅವರ ಆಫೀಸಿನ ಮೇಜಿನ ಹತ್ತಿರವೇ ಬಂದು ಹಾಡಿಬಿಡಿ ಎಂದು ಥಾಂಪ್ಸನ್ ತಮಾಷೆ ಮಾಡಿದರು. ಆಕೆ ನಿಜಕ್ಕೂ ಬಂದು ಹಾಡಿದರು. ಆಫೀಸಿನ ಮೇಜಿನ ಬಳಿಯೇ ಹಾಡಿಸುವ ಟೈನಿ ಡೆಸ್ಕ್ ಕಛೇರಿಗಳ ಸರಣಿ ಹುಟ್ಟಿದ್ದು ಹಾಗೆ. ದೊಡ್ಡ ಸ್ಪೀಕರ್ ತರಿಸುವ ಬದಲು ಅವರು ಗದ್ದಲವಿಲ್ಲದ ಜಾಗಕ್ಕೆ ಹೋದರು.

ನಿಮ್ಮ ಜಾಗದಲ್ಲಿ ಇಳಿಸಬೇಕಾದ ಸದ್ದುಗಳಲ್ಲಿ ಮೊದಲ ಸ್ಥಾನ ಫ್ರಿಜ್ಜಿಗೆ. ಅದು ಒಂದೇ ಸಮ ಗುನುಗುತ್ತಿದ್ದರೆ ಕಿವಿ ಹೇಗೋ ಒಗ್ಗಿಕೊಳ್ಳುತ್ತದೆ. ಕಂಪ್ರೆಸರ್ ಹಾಡಿನ ನಡುವೆ ಢುಕ್ ಎಂದು ನಿಂತಾಗಲೇ, ಅಯ್ಯೋ ಇಷ್ಟು ಹೊತ್ತು ಇದು ಓಡುತ್ತಿತ್ತಲ್ಲ ಎಂದು ಇಡೀ ಸಭೆಗೆ ಗೊತ್ತಾಗುವುದು. ಕಛೇರಿ ಮುಗಿಯುವವರೆಗೆ ಆರಿಸಿಬಿಡಿ. ಬಾಗಿಲು ತೆರೆಯದಿದ್ದರೆ ಒಳಗಿನ ತಂಪು ನಾಲ್ಕು ತಾಸು ಇರುತ್ತದೆ. ಮರೆತು ಹಾಗೆಯೇ ಮನೆಗೆ ಹೋಗದಂತೆ, ಆರಿಸಿದವರು ತಮ್ಮ ಗಾಡಿಯ ಕೀಯನ್ನು ಫ್ರಿಜ್ಜಿನೊಳಗೇ ಇಡಬೇಕು. ಇದು ತಮಾಷೆಯಲ್ಲ, ಧ್ವನಿಮುದ್ರಣ ಮಾಡುವವರ ಹಳೆಯ ಉಪಾಯ.

ಎಸಿ ಇದ್ದರೆ ಜನ ಬರುವ ಮೊದಲೇ ಕೋಣೆಯನ್ನು ಚೆನ್ನಾಗಿ ತಂಪು ಮಾಡಿ, ಹಾಡು ನಡೆಯುವಾಗ ಅತಿ ಕಡಿಮೆ ವೇಗಕ್ಕೆ ತನ್ನಿ, ಮಧ್ಯಂತರದಲ್ಲಿ ಮತ್ತೆ ಏರಿಸಿ. ಸೀಲಿಂಗ್ ಫ್ಯಾನಿಂದ ಎರಡು ತೊಂದರೆ. ಗಾಳಿ ಮೈಕಿಗೆ ಬಡಿದು ಬುಸ್ ಎನ್ನುತ್ತದೆ. ಜೊತೆಗೆ, ತಿರುಗುವ ರೆಕ್ಕೆಗಳಿಗೆ ತಾಗಿ ಹಿಂತಿರುಗುವ ದನಿ ಸಣ್ಣಗೆ ನಡುಗುತ್ತದೆ, ಎಳೆದ ಸ್ವರದಲ್ಲಿ ಅದು ಸ್ಪಷ್ಟವಾಗಿ ಗೊತ್ತಾಗುತ್ತದೆ. ವೇದಿಕೆಯ ಮೇಲಿನ ಫ್ಯಾನನ್ನಂತೂ ಆರಿಸಲೇಬೇಕು.

ಇನ್ನು ಕೋಣೆ. ಎಂಟು ಮೀಟರ್ ಉದ್ದ, ಆರು ಮೀಟರ್ ಅಗಲ, ಮೂರು ಮೀಟರ್ ಎತ್ತರ ಎಂದಿಟ್ಟುಕೊಳ್ಳಿ, ನಲವತ್ತು ಜನ ಹಿಡಿಯುವಂಥದ್ದು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದವರು ಫಾಗ್ ವಸ್ತುಸಂಗ್ರಹಾಲಯದ ಉಪನ್ಯಾಸ ಕೋಣೆಯಲ್ಲಿ ಮಾತೇ ಅರ್ಥವಾಗುವುದಿಲ್ಲ, ಏನಾದರೂ ಮಾಡಿ ಎಂದು ವ್ಯಾಲೇಸ್ ಸೇಬೈನ್ ಎಂಬ ಯುವ ಅಧ್ಯಾಪಕನಿಗೆ ಹೇಳಿದರು. ಅವನು ರಾತ್ರಿ ಹೊತ್ತು ಸ್ಯಾಂಡರ್ಸ್ ರಂಗಮಂದಿರದ ಕುರ್ಚಿ ದಿಂಬುಗಳನ್ನು ಹೊರಿಸಿ ತಂದು, ಒಂದು ಆರ್ಗನ್ ಕೊಳವೆ ಊದಿಸಿ, ಸದ್ದು ಅಡಗಲು ಎಷ್ಟು ಹೊತ್ತು ಬೇಕು ಎಂದು ಗಡಿಯಾರ ಹಿಡಿದು ಅಳೆದ. ದಿಂಬು ಹೆಚ್ಚಿದಷ್ಟೂ ಅನುರಣನ, ಅಂದರೆ ಸದ್ದು ನಿಂತ ಮೇಲೂ ಕೋಣೆಯಲ್ಲಿ ಉಳಿಯುವ ಗುಂಗು, ತಗ್ಗಿತು. ಆ ಅಳತೆಯಿಂದ ಬಂದ ಸೂತ್ರವನ್ನೇ ಇವತ್ತಿಗೂ ಬಳಸುತ್ತೇವೆ. ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಸದ್ದು ಹೀರುವ ಒಟ್ಟು ಮೈಯಿಂದ ಭಾಗಿಸಿದರೆ ಅನುರಣನ ಎಷ್ಟು ಸೆಕೆಂಡ್ ಎಂದು ಸಿಗುತ್ತದೆ. ಹೀರುವ ಮೈ ಎಂದರೆ, ಎಷ್ಟು ಚದರ ಮೀಟರ್ ತೆರೆದ ಕಿಟಕಿಗೆ ಸಮ ಎಂಬ ಲೆಕ್ಕ. ಕಿಟಕಿಯಿಂದ ಹೊರಹೋದ ಸದ್ದು ವಾಪಸು ಬರುವುದಿಲ್ಲವಲ್ಲ.

ನಮ್ಮ ಕೋಣೆ 144 ಘನ ಮೀಟರ್. ಖಾಲಿ ಇದ್ದಾಗ ಪರದೆ, ಮರದ ಬಾಗಿಲು ಎಲ್ಲ ಸೇರಿ 15 ಚದರ ಮೀಟರ್ ಹೀರುತ್ತದೆ ಎಂದರೆ ಅನುರಣನ ಸುಮಾರು 1.5 ಸೆಕೆಂಡ್. ಕೂತ ಒಬ್ಬೊಬ್ಬ ಮನುಷ್ಯನೂ ಹೆಚ್ಚುಕಡಿಮೆ ಅರ್ಧ ಚದರ ಮೀಟರ್ ಹೀರುತ್ತಾನೆ. ನಲವತ್ತು ಜನ ಬಂದರೆ ಇನ್ನೊಂದು 20 ಸೇರಿ 35 ಆಯಿತು, ಅನುರಣನ 0.66 ಸೆಕೆಂಡಿಗೆ ಬಿತ್ತು. ಸಂಜೆ ಐದಕ್ಕೆ ಸೌಂಡ್ ಚೆಕ್ ಮಾಡಿದ ಕೋಣೆ ಬೇರೆ, ಏಳಕ್ಕೆ ಹಾಡುವ ಕೋಣೆ ಬೇರೆ. ಖಾಲಿ ಕೋಣೆಯಲ್ಲಿ ಗುಡುಗುಡು ಎನ್ನುತ್ತಿದೆ ಎಂದು ರಿವರ್ಬ್, ಅಂದರೆ ಯಂತ್ರದಿಂದ ಸೇರಿಸುವ ಅನುರಣನವನ್ನು ಪೂರ್ತಿ ತೆಗೆದು, ಮೇಲಿನ ಸ್ಥಾಯಿಯನ್ನು ಕತ್ತರಿಸಿಟ್ಟರೆ ರಾತ್ರಿ ಹಾಡು ಕಂಬಳಿ ಹೊದ್ದು ಹಾಡಿದಂತಿರುತ್ತದೆ. ಯಾಕೆಂದರೆ ಜನರ ಬಟ್ಟೆ ಮೈ ಹೀರುವುದು ಮೇಲಿನ ಸ್ವರಗಳನ್ನೇ ಹೆಚ್ಚು, ಕೆಳಗಿನ ಗುಂಗು ಹಾಗೆಯೇ ಉಳಿಯುತ್ತದೆ. ಸೌಂಡ್ ಚೆಕ್ಕಿನಲ್ಲಿ ದನಿ ಸ್ವಲ್ಪ ಚೂಪಾಗಿಯೇ ಇರಲಿ, ಕೆಳಗಿನದನ್ನು ಮಾತ್ರ ತಗ್ಗಿಸಿ. ಮಿಕ್ಕಿದ್ದನ್ನು ಮೊದಲ ಹಾಡಿನ ಮೊದಲ ಚರಣದಲ್ಲಿ ಸರಿಮಾಡಿಕೊಳ್ಳಬೇಕು.

ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಟರ್ರ್ ಎಂದು ಬಂದರೆ ಎದುರುಬದುರು ಬೋಳು ಗೋಡೆಗಳ ನಡುವೆ ಸದ್ದು ಓಡಾಡುತ್ತಿದೆ. ಆರು ಮೀಟರ್ ಅಗಲದಲ್ಲಿ ಹೋಗಿಬರಲು 35 ಮಿಲಿಸೆಕೆಂಡ್ ಬೇಕು, ಸೆಕೆಂಡಿಗೆ ಇಪ್ಪತ್ತೆಂಟು ಸಲ. ಎರಡೂ ಗೋಡೆಗೆ ಬಟ್ಟೆ ಬೇಕಿಲ್ಲ, ಒಂದಕ್ಕೆ ಸಾಕು. ದಪ್ಪ ಪರದೆಯನ್ನು ಬಿಗಿಯಾಗಿ ಎಳೆದು ಕಟ್ಟದೆ ನೆರಿಗೆ ಬಿಡಿ, ಗೋಡೆಗೆ ಅಂಟಿಸದೆ ಒಂದು ಗೇಣು ಮುಂದಕ್ಕೆ ಇಳಿಬಿಡಿ. ಮೊಟ್ಟೆ ಟ್ರೇ ಅಂಟಿಸುವ ಅಭ್ಯಾಸ ಇನ್ನೂ ಅಲ್ಲಲ್ಲಿ ಕಾಣುತ್ತದೆ. ಅದರಿಂದ ಗೋಡೆ ವಿಕಾರವಾಗುತ್ತದೆ, ಬೇರೇನೂ ಆಗುವುದಿಲ್ಲ.

ಈ ಅಳತೆಯ ಕೋಣೆಗೆ ಇನ್ನೊಂದು ಕಾಯಿಲೆ ಇದೆ. ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್. ಮೂರು ಮೀಟರ್ ಎತ್ತರ 57 ಹರ್ಟ್ಸ್‌ನಲ್ಲಿ ಅನುನಾದಗೊಳ್ಳುತ್ತದೆ, ಅಂದರೆ ಆ ಸ್ವರವನ್ನು ಕೋಣೆಯೇ ಉಬ್ಬಿಸುತ್ತದೆ. ಆರು ಮೀಟರ್ ಅಗಲದ ಎರಡನೆಯ ಅನುನಾದವೂ ಅದೇ 57. ಎರಡೂ ಒಂದರ ಮೇಲೊಂದು ಕೂತಾಗ, ಸಿಂಥಸೈಜರಿನಲ್ಲಿ ಮಂದ್ರದ ‘ಎ’ ಸ್ವರವನ್ನು, ಅಂದರೆ 55 ಹರ್ಟ್ಸ್‌ನ ಆಧಾರ ಶ್ರುತಿಯನ್ನು ಹಿಡಿದರೆ ಗೋಡೆ ಪಕ್ಕ ಕೂತವರ ಹೊಟ್ಟೆ ನಡುಗುತ್ತದೆ, ನಡುವೆ ಕೂತ ಕೆಲವರಿಗೆ ಏನೂ ಕೇಳುವುದಿಲ್ಲ. ಕಲಾವಿದರು ಕಿರಿಕಿರಿ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ, ಕೋಣೆಯ ಅಳತೆ ಅದು. ಶ್ರುತಿಯನ್ನು ಒಂದು ಸ್ಥಾಯಿ ಮೇಲಕ್ಕೆ ಒಯ್ಯುವುದು ಎಲ್ಲಕ್ಕಿಂತ ಸುಲಭ. ಒಪ್ಪದಿದ್ದರೆ 57ರ ಆಸುಪಾಸಿನಲ್ಲಿ 6 ಡೆಸಿಬೆಲ್ ಕಡಿತ.

ವೇದಿಕೆಯನ್ನು ಉದ್ದನೆಯ ಗೋಡೆಗೆ ಒತ್ತಿ ಮಾಡಿ ಎನ್ನುತ್ತೇವೆ. ಎಲ್ಲರೂ ಗಿಡ್ಡ ಗೋಡೆಗೇ ಮಾಡುತ್ತಾರೆ, ಸಿನಿಮಾ ಮಂದಿರದ ಅಭ್ಯಾಸ. ಗಿಡ್ಡ ಗೋಡೆಗೆ ಮಾಡಿದರೆ ಕೊನೆಯ ಸಾಲು ಏಳು ಮೀಟರ್ ದೂರ. ಉದ್ದನೆಯದಕ್ಕೆ ಮಾಡಿ ಕುರ್ಚಿಗಳನ್ನು ಮೂರು ಕಮಾನುಗಳಾಗಿ ಜೋಡಿಸಿದರೆ ಬಹುತೇಕ ಎಲ್ಲರೂ ನಾಲ್ಕೈದು ಮೀಟರ್ ಒಳಗೆ. ದೂರ ದುಪ್ಪಟ್ಟಾದಾಗ ನೇರ ದನಿ 6 ಡೆಸಿಬೆಲ್ ಇಳಿಯುತ್ತದೆ ಎನ್ನುವುದನ್ನು ನೆನಪಿಟ್ಟುಕೊಂಡರೆ ಕುರ್ಚಿ ಜೋಡಣೆಯೂ ಒಂದು ಆಂಪ್ಲಿಫೈಯರೇ.

ಇಷ್ಟು ಮಾಡಿದ ಕೋಣೆಯಲ್ಲಿ ಮೈಕ್ ಬೇಕೇ? ವಾದ್ಯಗಳಿಗೆ ಅನೇಕ ಸಲ ಬೇಡ. ಚೆಲ್ಲೋ, ಫಿಡಲ್, ಹಾರ್ಮೋನಿಯಂ ಇಷ್ಟು ಜಾಗವನ್ನು ತಾವೇ ತುಂಬುತ್ತವೆ. ಮೆಲುದನಿಗೆ ಮಾತ್ರ ಬೇಕಾಗುತ್ತದೆ, ಗಿಟಾರಿಗೆ ಸ್ವಲ್ಪ ಬೆಂಬಲ. ಇಲ್ಲಿ ಒಂದೊಂದು ಮೈಕ್ ಹೆಚ್ಚಿಸುವುದಕ್ಕೂ ಒಂದು ಬೆಲೆ ಇದೆ. ತೆರೆದಿರುವ ಮೈಕುಗಳ ಸಂಖ್ಯೆ ದುಪ್ಪಟ್ಟಾದಾಗಲೆಲ್ಲ, ಮೈಕ್ ಕೂಗದೆ, ಅಂದರೆ ಸ್ಪೀಕರಿನ ದನಿ ಮೈಕಿಗೇ ವಾಪಸು ಹೋಗಿ ಕೀಂ ಎನ್ನದೆ, ಏರಿಸಬಹುದಾದ ಮಟ್ಟ 3 ಡೆಸಿಬೆಲ್ ಕೆಳಗಿಳಿಯುತ್ತದೆ. ಒಂದರ ಬದಲು ನಾಲ್ಕಿಟ್ಟರೆ 6 ಹೋಯಿತು.

ಉಸಿರುದನಿಯ ಗಾಯನಕ್ಕೆ ಬಾಯಿ ಮೈಕಿಗೆ ಹತ್ತಿರ ಇರಲೇಬೇಕು, ಎರಡು ಮೂರು ಬೆರಳಿನಷ್ಟು. ಐದು ಸೆಂಟಿಮೀಟರಿನಿಂದ ಹತ್ತಕ್ಕೆ ಸರಿದರೆ 6 ಡೆಸಿಬೆಲ್ ಹೋಗುತ್ತದೆ, ಇಪ್ಪತ್ತಕ್ಕೆ ಸರಿದರೆ 12. ಕಣ್ಣು ಮುಚ್ಚಿ ಹಾಡುತ್ತಾ ತಲೆ ಹಿಂದಕ್ಕೆ ಒಯ್ಯುವ ಗಾಯಕರಿಗೆ ಇದನ್ನು ಸೌಂಡ್ ಚೆಕ್ಕಿನಲ್ಲೇ ಹೇಳಿಬಿಡಬೇಕು. ಹತ್ತಿರ ಹಾಡಿದಾಗ ದನಿಯ ಕೆಳಗಿನ ಭಾಗ ಉಬ್ಬುತ್ತದೆ, ದಿಕ್ಕು ಹಿಡಿಯುವ ಬಹುತೇಕ ಮೈಕುಗಳ ಗುಣ ಅದು. 100 ಹರ್ಟ್ಸ್ ಕೆಳಗಿನದನ್ನು ಮಿಕ್ಸರಿನಲ್ಲಿ ಕಡಿದರೆ ಸರಿಹೋಗುತ್ತದೆ.

ಹಾಡುವವರಿಗೆ ತಮ್ಮದೇ ದನಿ ಕೇಳಿಸಲು ಇಡುವ ಮಾನಿಟರ್ ಸ್ಪೀಕರಿನ ಜಾಗದಲ್ಲಿ ತಪ್ಪುವವರು ತುಂಬ. ಮುಂದಿನದನ್ನೇ ಹೆಚ್ಚು ಕೇಳುವ ಸಾಮಾನ್ಯ ಕಾರ್ಡಿಯಾಯ್ಡ್ ಮೈಕಿನ ಕಿವುಡು ನೇರ ಬೆನ್ನಿಗೆ. ಅದರ ಬಾಲದ ದಿಕ್ಕಿನಲ್ಲಿ ಸ್ಪೀಕರ್ ಇಡಬೇಕು. ಮುಂದಿನದನ್ನು ಇನ್ನೂ ಕಿರಿದಾಗಿ ಹಿಡಿಯುವ ಸೂಪರ್ ಕಾರ್ಡಿಯಾಯ್ಡ್ ಆದರೆ ಬೆನ್ನಿಗೆ ಸ್ವಲ್ಪ ಕಿವಿ ಇರುತ್ತದೆ, ಕಿವುಡು ಇರುವುದು ಓರೆಯಾಗಿ, ಮುಂದಿನಿಂದ ಸುಮಾರು 125 ಡಿಗ್ರಿಯಲ್ಲಿ, ಎರಡೂ ಪಕ್ಕಕ್ಕೆ. ಮೈಕ್ ಬದಲಿಸಿ ಸ್ಪೀಕರನ್ನು ಅಲ್ಲೇ ಬಿಟ್ಟರೆ, ಒಳ್ಳೆಯ ಮೈಕ್ ತಂದ ಮೇಲೆ ಹೆಚ್ಚು ಕೂಗುತ್ತಿದೆಯಲ್ಲ ಎಂಬ ದೂರು ಬರುತ್ತದೆ. ಜಾಲರಿಯನ್ನು ಅಂಗೈಯಿಂದ ಮುಚ್ಚಿ ಹಿಡಿದರೂ ಅಷ್ಟೆ. ಹಿಂಬದಿಯ ಕಿಂಡಿಗಳು ಮುಚ್ಚಿಹೋಗಿ ಮೈಕಿಗೆ ದಿಕ್ಕು ತಪ್ಪುತ್ತದೆ, ಎಲ್ಲ ಕಡೆಯದನ್ನೂ ಕೇಳತೊಡಗುತ್ತದೆ.

ಗಿಟಾರಿಗೆ ಮೈಕ್ ಇಟ್ಟರೆ ಕುತ್ತಿಗೆ ಮೈಗೆ ಸೇರುವ ಕಡೆಗೆ ಮುಖ ಮಾಡಿ, ಒಂದು ಗೇಣು ದೂರದಲ್ಲಿ. ನಾದರಂಧ್ರದ ಎದುರಿಗೆ ಬೇಡ. ಅಲ್ಲಿ 100 ಹರ್ಟ್ಸ್ ಆಸುಪಾಸಿನ ಗಾಳಿ ಉಬ್ಬುಬ್ಬಿ ಬರುತ್ತದೆ. ಒಳಗೆ ಪೀಜೋ ಪಿಕಪ್ (ತಂತಿಯ ನಡುಕವನ್ನು ವಿದ್ಯುತ್ತಾಗಿಸುವ ತುಣುಕು) ಇರುವ ಗಿಟಾರನ್ನು ನೇರವಾಗಿ ಮಿಕ್ಸರಿನ ಲೈನ್ ತೂತಿಗೆ ಚುಚ್ಚುವುದು ಇನ್ನೊಂದು ತಪ್ಪು. ಪೀಜೋಗೆ ಎದುರಿನಲ್ಲಿ ಕನಿಷ್ಠ 10 ಲಕ್ಷ ಓಮ್ ತಡೆ ಬೇಕು, ಮಿಕ್ಸರಿನಲ್ಲಿ ಸಿಗುವುದು ಹತ್ತಿಪ್ಪತ್ತು ಸಾವಿರ. ಕೆಳಗಿನ ಸ್ವರಗಳೆಲ್ಲ ಸೋರಿಹೋಗಿ ತಗಡಿನ ಡಬ್ಬ ಬಾರಿಸಿದಂತಾಗುತ್ತದೆ. ನಡುವೆ, ಎರಡನ್ನೂ ಹೊಂದಿಸುವ ಪೆಟ್ಟಿಗೆ, ಒಂದು ಆಕ್ಟಿವ್ ಡಿಐ ಬಾಕ್ಸ್ ಇರಲಿ. ಅದಕ್ಕೆ ಬೇಕಾದ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಮೈಕ್ ಕೇಬಲ್ಲಿನಲ್ಲೇ ಹರಿಯುವ ವಿದ್ಯುತ್ತು, ಮಿಕ್ಸರಿನಿಂದಲೇ ಬರುತ್ತದೆ. ಪಿಕಪ್ ಮತ್ತು ಮೈಕ್ ಎರಡೂ ಬಳಸಿದಾಗ ಗಿಟಾರು ಒಮ್ಮೆಲೇ ಪೊಳ್ಳಾಗಿ ಕೇಳಿದರೆ, ಒಂದರ ಅಲೆಯನ್ನು ತಲೆಕೆಳಗು ಮಾಡುವ ಪೊಲಾರಿಟಿ ಗುಂಡಿ ಒತ್ತಿ ನೋಡಿ. ಯಾವುದರಲ್ಲಿ ದನಿ ತುಂಬಿ ಬರುತ್ತದೆಯೋ ಅದನ್ನೇ ಉಳಿಸಿಕೊಳ್ಳಿ.

ಕೂಗುವ ಸ್ವರಗಳನ್ನು ಮೊದಲೇ ಹುಡುಕಿ ಕಡಿಯಬೇಕು. ಎಲ್ಲ ಮೈಕುಗಳನ್ನೂ ಹಾಡುವಾಗ ಎಷ್ಟಿರುತ್ತವೋ ಅಷ್ಟಕ್ಕೇ ತೆರೆದು, ಒಟ್ಟು ದನಿ ಏರಿಳಿಸುವ ಮಾಸ್ಟರ್ ಫೇಡರನ್ನು ನಿಧಾನವಾಗಿ ಏರಿಸುತ್ತಾ ಹೋಗಿ. ಮೊದಲ ಊಂ ಕೇಳಿದ ಕೂಡಲೇ ನಿಲ್ಲಿಸಿ, ಫೋನಿನ ಸ್ಪೆಕ್ಟ್ರಮ್ ಆ್ಯಪ್‌ನಲ್ಲಿ ಅದು ಎಷ್ಟು ಹರ್ಟ್ಸ್ ಎಂದು ನೋಡಿ, ಸ್ವರಗಳನ್ನು ಪಟ್ಟಿಪಟ್ಟಿಯಾಗಿ ಏರಿಳಿಸುವ 31 ಪಟ್ಟಿಯ ಈಕ್ಯೂನಲ್ಲಿ ಆ ಪಟ್ಟಿಯನ್ನು 3 ಡೆಸಿಬೆಲ್ ಇಳಿಸಿ. ಮತ್ತೆ ಏರಿಸಿ, ಮುಂದಿನದನ್ನು ಹಿಡಿಯಿರಿ. ಮೂರು ನಾಲ್ಕಕ್ಕೆ ನಿಲ್ಲಿಸಿಬಿಡಿ. ಆಮೇಲೆ ಕಡಿಯುವುದೆಲ್ಲ ಹಾಡಿನ ಮಾಂಸವನ್ನೇ. ಕೊನೆಗೆ ಮಾಸ್ಟರನ್ನು 6 ಡೆಸಿಬೆಲ್ ಇಳಿಸಿದರೆ ಅದೇ ನಿಮ್ಮ ಸಂಜೆಯ ಮಟ್ಟ. ಗಿಟಾರು ಮಾತ್ರ 100 ಅಥವಾ 200ರ ಹತ್ತಿರ ಹಟ ಹಿಡಿದು ಕೂಗುತ್ತಿದ್ದರೆ ಈಕ್ಯೂ ಮುಟ್ಟಬೇಡಿ, ನಾದರಂಧ್ರಕ್ಕೆ ರಬ್ಬರ್ ಮುಚ್ಚಳ ಹಾಕಿ.

ಸ್ಪೀಕರ್ ಬಗ್ಗೆ ಒಂದು ಸೂಕ್ಷ್ಮ, ಕೇಳಿದವರು ಕಡಿಮೆ. ಮೈಕ್ ಕೂಗದಿರಲೆಂದು ಸ್ಪೀಕರನ್ನು ಗಾಯಕರಿಗಿಂತ ಮುಂದೆ ಇಡುತ್ತೇವೆ. ಹಾಗಾಗಿ ಸ್ಪೀಕರಿನ ದನಿ ಮೊದಲು ತಲುಪಿ, ಹಾಡುವವರು ಎದುರಿಗಿದ್ದರೂ ಹಾಡು ಪಕ್ಕದ ಪೆಟ್ಟಿಗೆಯಿಂದ ಬಂದಂತಾಗುತ್ತದೆ. ಮೆಲುದನಿಯ ಕಛೇರಿಯಲ್ಲಿ ಇದಕ್ಕಿಂತ ದೊಡ್ಡ ನಷ್ಟ ಇಲ್ಲ. ಜರ್ಮನಿಯ ಸಂಶೋಧಕ ಹೆಲ್ಮುಟ್ ಹಾಸ್ 1949ರಲ್ಲಿ ತೋರಿಸಿದ್ದು ಇದರ ಮದ್ದು. ಎರಡು ದನಿಗಳು ಸುಮಾರು 30 ಮಿಲಿಸೆಕೆಂಡಿನೊಳಗೆ ಹಿಂದೆಮುಂದೆ ಬಂದರೆ ಕಿವಿ ಅವನ್ನು ಒಂದೇ ಎಂದು ಕೇಳುತ್ತದೆ, ಮೊದಲು ಬಂದ ದಿಕ್ಕನ್ನೇ ನಂಬುತ್ತದೆ, ಎರಡನೆಯದು ಸ್ವಲ್ಪ ಜೋರಾಗಿದ್ದರೂ. ಸ್ಪೀಕರ್ ಗಾಯಕರಿಗಿಂತ ಎರಡು ಮೀಟರ್ ಮುಂದಿದ್ದರೆ ವ್ಯತ್ಯಾಸ ಸುಮಾರು 6 ಮಿಲಿಸೆಕೆಂಡ್. ಅದಕ್ಕೆ ಇನ್ನು 10 ಸೇರಿಸಿ, ಡಿಜಿಟಲ್ ಮಿಕ್ಸರಿನ ಮಾಸ್ಟರ್ ಔಟ್‌ಪುಟ್ಟಿಗೆ 16 ಮಿಲಿಸೆಕೆಂಡ್ ಡಿಲೇ, ಅಂದರೆ ತಡ, ಹಾಕಿ. ಹಾಡು ಗಾಯಕರ ಬಾಯಿಗೆ ಹಿಂತಿರುಗುತ್ತದೆ. ನೇರ ದನಿ ಸ್ವಲ್ಪವಾದರೂ ಕೇಳುವಷ್ಟು ಕೋಣೆ ನಿಶ್ಶಬ್ದವಾಗಿದ್ದರೆ ಮಾತ್ರ ಈ ಉಪಾಯ ನಡೆಯುವುದು. ಫ್ರಿಜ್ ಆರಿಸಿದ್ದು ಇದಕ್ಕೂ ಆಯಿತು.

ರಿವರ್ಬ್‌ಗೆ ಬರೋಣ. ತುಂಬಿದ ಕೋಣೆಯಲ್ಲಿ 0.66 ಸೆಕೆಂಡ್ ಉಳಿದಿತ್ತು. ಈ ಸಂಗೀತಕ್ಕೆ ಅದು ಸಾಲದು, ಆದ್ದರಿಂದ ಯಂತ್ರದಿಂದ 2 ಸೆಕೆಂಡ್, ಹೆಚ್ಚೆಂದರೆ 2.5. ದನಿ ಹೊರಟ 30 ಮಿಲಿಸೆಕೆಂಡಿನ ನಂತರ ರಿವರ್ಬ್ ಏಳುವಂತೆ ಇಟ್ಟರೆ ವ್ಯಂಜನಗಳು ಮೊದಲು ಸ್ವಚ್ಛವಾಗಿ ಹೊರಬೀಳುತ್ತವೆ, ಮಂಜು ಆಮೇಲೆ ಕವಿಯುತ್ತದೆ. ರಿವರ್ಬ್‌ನಲ್ಲಿ 250 ಹರ್ಟ್ಸ್ ಕೆಳಗಿನದೂ 5,000 ಮೇಲಿನದೂ ಬೇಡ. ಕೆಳಗಿನದು ಕೆಸರು, ಮೇಲಿನದು ‘ಸ’ ‘ಶ’ಗಳನ್ನು ಹಿಡಿದು ಸಿಡಿಸುತ್ತದೆ. ಮಾನಿಟರಿಗಂತೂ ರಿವರ್ಬ್ ಕಳಿಸಲೇಬೇಡಿ, ಅದೇ ಮೈಕಿಗೆ ವಾಪಸು ಹೋಗಿ ಸುತ್ತಿಕೊಳ್ಳುತ್ತದೆ.

ಅಳತೆ ಇಟ್ಟು ಕೈ ಕಟ್ಟಿ ಕೂರುವಂತಿಲ್ಲ. ರಿವರ್ಬ್‌ನ ಫೇಡರ್ ಮೇಲೆ ಒಂದು ಬೆರಳು ಯಾವಾಗಲೂ ಇರಬೇಕು. ಸಾಹಿತ್ಯ ಓಡುವಾಗ ಕೊಂಚ ಕೆಳಗೆ, ಸಾಲಿನ ಕೊನೆಯ ಸ್ವರ ಬಿಟ್ಟಾಗ ಮೆಲ್ಲಗೆ ಮೇಲೆ, ಮುಂದಿನ ಸಾಲಿನ ಮುಂಚೆ ಮತ್ತೆ ಕೆಳಗೆ. ಹಾಡು ಮುಗಿದು ಗಾಯಕರು ಮಾತಿಗೆ ತೊಡಗಿದ ಕ್ಷಣ ಪೂರ್ತಿ ಬಂದ್. ‘ಈ ಮುಂದಿನ ಹಾಡು’ ಎನ್ನುವ ಮೂರು ಪದ ಗುಹೆಯಿಂದ ಬಂದಂತೆ ಬಂದರೆ ಅಷ್ಟು ಹೊತ್ತು ಕಟ್ಟಿದ ಆಪ್ತತೆ ಅಲ್ಲಿಗೆ ಮುಗಿಯಿತು. ಸಣ್ಣ ಜಾಗಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದು, ಸರಿಪಡಿಸಲು ಒಂದು ಗುಂಡಿ ಸಾಕು.

ಲೂಪ್ ಪೆಡಲ್ ಬಳಸುವವರಿಗೆ ಎರಡು ಮಾತು. ಮೊದಲ ಪದರ ಮುಚ್ಚುವಾಗ ಕಾಲು ಸ್ವಲ್ಪ ತಡವಾದರೆ ಆ ಬಿರುಕು ಹಾಡಿನ ಕೊನೆಯವರೆಗೂ ಪ್ರತಿ ಸುತ್ತಿನಲ್ಲೂ ಎಡವುತ್ತಲೇ ಇರುತ್ತದೆ. ಸುತ್ತಿನ ಮೊದಲ ಪೆಟ್ಟಿನ ಮೇಲೇ ಒತ್ತಬೇಕು, ತಪ್ಪಿದರೆ ಅಳಿಸಿ ಮತ್ತೆ ಶುರುಮಾಡಿ, ಕೇಳುಗರು ಬೇಸರಪಡುವುದಿಲ್ಲ. ಎರಡನೆಯದು, ಮೈಕಿನಿಂದ ಲೂಪ್ ಮಾಡುವಾಗ ಪ್ರತಿ ಪದರದಲ್ಲೂ ಕೋಣೆಯ ಸದ್ದು ಸೇರಿಯೇ ದಾಖಲಾಗುತ್ತದೆ. ನಾಲ್ಕು ಪದರ ಹಾಕಿದರೆ ಹಿನ್ನೆಲೆಯ ಭುಸ್ಸು 6 ಡೆಸಿಬೆಲ್ ಏರಿರುತ್ತದೆ. ಫ್ಯಾನನ್ನೇ ನಾಲ್ಕು ಸಲ ಹಾಡಿಸಿದಂತೆ. ಸಾಧ್ಯವಿದ್ದಲ್ಲಿ ಪಿಕಪ್ಪಿನಿಂದ ಲೂಪ್ ಮಾಡಿ, ಎರಡನೆಯ ಪದರದಿಂದ ಮುಂದಕ್ಕೆ ಬೇರೆ ಸ್ಥಾಯಿಯಲ್ಲಿ ನುಡಿಸಿ. ಎಲ್ಲವೂ 200ರಿಂದ 400 ಹರ್ಟ್ಸ್ ನಡುವೆ ಬಿದ್ದರೆ ಯಾವುದೂ ಬಿಡಿಸಿ ಕೇಳುವುದಿಲ್ಲ. ಮಳೆಯ, ಹಕ್ಕಿಗಳ ಧ್ವನಿಮುದ್ರಣ ಹಾಕುವುದಾದರೆ ಮುನ್ನುಡಿಗೆ ಹಾಕಿ, ದನಿ ಬಂದ ಮೇಲೆ ಹಿಂದೆಗೆಯಿರಿ. ಸ್ಪೀಕರಿನಿಂದ ಬರುವ ಮಳೆ ಕಿವಿಗೆ ಇನ್ನೊಂದು ಫ್ಯಾನೇ.

ಶ್ರುತಿಯ ವಿಷಯ. ಹಾರ್ಮೋನಿಯಂ ಇದ್ದರೆ ಎಲ್ಲರೂ ಅದಕ್ಕೇ ಸೇರಬೇಕು, ಲೋಹದ ನಾಲಿಗೆಯನ್ನು ಅಲ್ಲೇ ತಿದ್ದಲು ಬರುವುದಿಲ್ಲ. ಜನ ತುಂಬಿ ಕೋಣೆ ಬೆಚ್ಚಗಾದಂತೆ ಉಕ್ಕಿನ ತಂತಿ ಸಡಿಲಿ ಶ್ರುತಿ ಇಳಿಯುತ್ತದೆ. ಕೊಳಲು ಏರುತ್ತದೆ, ಬಿಸಿ ಗಾಳಿಯಲ್ಲಿ ಸದ್ದು ಜೋರಾಗಿ ಓಡುವುದರಿಂದ. ಲೆಕ್ಕದಂತೆ ಒಂದು ಡಿಗ್ರಿಗೆ 3 ಸೆಂಟ್ (ಅರ್ಧ ಸ್ವರದ ನೂರರಲ್ಲಿ ಮೂರು ಪಾಲು), ಊದುವವರ ಉಸಿರು ಒಳಗನ್ನು ಮೊದಲೇ ಬೆಚ್ಚಗಿಟ್ಟಿರುವುದರಿಂದ ನಿಜದಲ್ಲಿ ಇನ್ನೂ ಕಡಿಮೆ. ಅಂತೂ ಎರಡೂ ವಿರುದ್ಧ ದಿಕ್ಕಿಗೆ ಹೊರಟಿರುತ್ತವೆ. ವಾದ್ಯಗಳನ್ನು ಒಂದು ಗಂಟೆ ಮುಂಚೆಯೇ ಪೆಟ್ಟಿಗೆಯಿಂದ ತೆಗೆದಿಡಿ, ಮಧ್ಯಂತರದ ಮೇಲೆ ಮತ್ತೆ ಕೂಡಿಸಿ.

ಇಂಗ್ಲೆಂಡಿನ ಗಿಟಾರಿಗ ಡೇವಿ ಗ್ರಹಾಂ 1960ರ ದಶಕದ ಆರಂಭದಲ್ಲಿ ಚಾಲ್ತಿಗೆ ತಂದ ಡಿ-ಎ-ಡಿ-ಜಿ-ಎ-ಡಿ ಶ್ರುತಿಯನ್ನು ಈ ಬಗೆಯ ಗಿಟಾರಿಗರು ಬಹಳ ಬಳಸುತ್ತಾರೆ. ಮಾಮೂಲಿ ಶ್ರುತಿಯಿಂದ ಅಲ್ಲಿಗೆ ಹೋಗಲು ಒಂದು, ಎರಡು, ಆರನೆಯ ತಂತಿಗಳನ್ನು ಒಂದೊಂದು ಪೂರ್ಣ ಸ್ವರ ಇಳಿಸಬೇಕು. ಇಳಿಸಿದ ತಂತಿ ನಿಂತಲ್ಲಿ ನಿಲ್ಲುವುದಿಲ್ಲ, ಅರ್ಧ ಹಾಡಿಗೆ ಮೆಲ್ಲಗೆ ಮೇಲೇರುತ್ತದೆ. ಬೇಕಾದ್ದಕ್ಕಿಂತ ಕೆಳಗೆ ಇಳಿಸಿ, ಬೆರಳಿಂದ ಒಮ್ಮೆ ಎಳೆದು, ಕೆಳಗಿನಿಂದ ಮೇಲಕ್ಕೆ ತಂದು ನಿಲ್ಲಿಸಿ. ಒಂದೇ ಶ್ರುತಿಯ ಹಾಡುಗಳನ್ನು ಒಟ್ಟಿಗೆ ಇಟ್ಟರೆ ಸಂಜೆಗೆ ಎರಡು ಸಲ ತಿರುಚಿದರೆ ಸಾಕು. ತಿರುಚುವಾಗ ಟ್ಯೂನರ್ ಪೆಡಲ್ ದನಿ ಮುಚ್ಚಿರಲಿ.

ವಿದ್ಯುತ್ತು, ಬೆಳಕು ಬೇಗ ಮುಗಿಸುತ್ತೇವೆ. ಸೌಂಡಿನದೆಲ್ಲ ಒಂದೇ ಪ್ಲಗ್ ಪಾಯಿಂಟಿನಿಂದ, ದೀಪ ಮತ್ತು ಡಿಮ್ಮರ್ ಬೇರೆ ಸರ್ಕ್ಯೂಟಿನಿಂದ. ಗುಂಯ್ ನಿಲ್ಲಲೆಂದು ಯಾರಾದರೂ ಅರ್ತ್ ಪಿನ್ ಕೀಳಲು ಹೊರಟರೆ ಕೈ ಹಿಡಿದು ನಿಲ್ಲಿಸಿ, ಮೈಕ್ ತುಟಿಗೆ ತಾಗುವ ಜಾಗ ಅದು, ಜೀವ ಹೋಗುತ್ತದೆ. ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಗುಂಡಿ ಇರುವುದೇ ಅದಕ್ಕೆ. ಬೆಳಕು 2,700 ಕೆಲ್ವಿನ್‌ನ ಬೆಚ್ಚನೆಯದು, ಮುಖಕ್ಕೆ ಓರೆಯಾಗಿ. ಹೊಗೆ ಯಂತ್ರ ಬೇಡ. ಚಿತ್ರ ಚೆನ್ನಾಗಿ ಬರುತ್ತದೆ ನಿಜ, ಆದರೆ ಅದರ ಭುಸ್ಸೂ ಒಂದು ಸದ್ದು, ಗಾಯಕರ ಗಂಟಲು ಒಣಗುತ್ತದೆ, ಹೊಗೆ ಎಚ್ಚರಿಕೆ ಗಂಟೆ ಹೊಡೆದುಕೊಂಡರೆ ಕಛೇರಿಯೇ ಮುಗಿಯಿತು.

ಕೊನೆಗೆ ಜನ. ಸುತ್ತ ಗದ್ದಲ ಇದ್ದಷ್ಟೂ ಮನುಷ್ಯ ತನಗೇ ಗೊತ್ತಿಲ್ಲದೆ ದನಿ ಏರಿಸುತ್ತಾನೆ. ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ಬರೆದಿಟ್ಟ ಸಂಗತಿ ಇದು, ಅವರ ಹೆಸರಲ್ಲೇ ಉಳಿದಿದೆ. ಜನ ಸೇರುವ ಹೊತ್ತಿನಲ್ಲಿ ಹಾಕುವ ಹಿನ್ನೆಲೆ ಸಂಗೀತ ಜೋರಾಗಿದ್ದರೆ ಎಲ್ಲರೂ ಕೂಗಿ ಮಾತಾಡಲು ಶುರುಮಾಡುತ್ತಾರೆ, ಕಛೇರಿ ಶುರುವಾದಾಗ ಆ ಮಟ್ಟದಿಂದ ಇಳಿಯಲು ಎರಡು ಹಾಡು ಬೇಕು. ಹಾಕಲೇಬೇಕೆಂದರೆ ಎದುರಿನವರ ಪಿಸುಮಾತು ಕೇಳುವಷ್ಟು ಸಣ್ಣಗೆ ಹಾಕಿ, ಶುರುವಿಗೆ ಹತ್ತು ನಿಮಿಷ ಇರುವಾಗ ಇನ್ನೂ ಇಳಿಸುತ್ತಾ ಬನ್ನಿ. ಜನರ ದನಿ ಅದರ ಹಿಂದೆಯೇ ಇಳಿಯುತ್ತದೆ. ಸುಮ್ಮನಿರಿ ಎಂದು ಯಾರಿಗೂ ಹೇಳಬೇಕಾಗುವುದಿಲ್ಲ.

ಕಾಫಿ ಯಂತ್ರ ಹಾಡಿನ ಹೊತ್ತಿನಲ್ಲಿ ಬಂದ್. ಕುರ್ಚಿ ಕಾಲುಗಳಿಗೆ ಫೆಲ್ಟ್ ಅಂಟಿಸಿ. ಬಾಗಿಲ ಚಿಲಕದ ನಾಲಿಗೆಯ ಮೇಲೆ ಒಂದು ಬಟ್ಟೆಪಟ್ಟಿ ಹಾಯಿಸಿ ಎರಡೂ ಹಿಡಿಕೆಗೆ ಕಟ್ಟಿದರೆ ಬಾಗಿಲು ಟಪ್ ಎನ್ನುವುದು ನಿಲ್ಲುತ್ತದೆ. ತಡವಾಗಿ ಬಂದವರನ್ನು ಹಾಡುಗಳ ನಡುವೆ ಮಾತ್ರ ಒಳಗೆ ಬಿಡಲು ಒಬ್ಬರು ಹೊರಗೆ ನಿಲ್ಲಲಿ. ಮೂವತ್ತೈದು ನಲವತ್ತು ನಿಮಿಷದ ಎರಡು ಭಾಗ, ನಡುವೆ ಇಪ್ಪತ್ತು ನಿಮಿಷ. ಅತ್ಯಂತ ಮೆಲುವಾದ ಹಾಡನ್ನು ಮೊದಲಿಗೆ ಇಡಬೇಡಿ, ಬೀದಿಯಿಂದ ಬಂದ ಕಿವಿಗೆ ಅದು ದಕ್ಕುವುದಿಲ್ಲ. ನಾಲ್ಕನೆಯದಾಗಿ ಇಡಿ, ಅಷ್ಟು ಹೊತ್ತಿಗೆ ಕೋಣೆಯೂ ಜನರೂ ಒಂದು ಮಟ್ಟಕ್ಕೆ ಬಂದಿರುತ್ತಾರೆ.

ಕೊನೆಯ ಹಾಡಿನ ಕೊನೆಯ ಸ್ವರ ಬಿಟ್ಟ ಮೇಲೆ ಕೈ ಆಡಿಸಬೇಡಿ. ರಿವರ್ಬ್ ತಾನಾಗಿ ಇಳಿಯಲಿ, ದೀಪ ಹಾಕುವ ಆತುರ ಬೇಡ, ಮೊದಲ ಚಪ್ಪಾಳೆ ಜನರ ಕಡೆಯಿಂದ ಬರಲಿ. ಚಪ್ಪಾಳೆ ಜೋರಾದ ಮೇಲೆ ಎಲ್ಲ ಚಾನೆಲ್ ಮ್ಯೂಟ್ ಮಾಡಿ, ಫ್ಯಾಂಟಮ್ ಪವರ್ ಆರಿಸಿ, ಅರ್ಧ ನಿಮಿಷ ಬಿಟ್ಟು ಕೇಬಲ್ ಬಿಚ್ಚಿ. ಅದಕ್ಕೂ ಮುಂಚೆ ಕಿತ್ತರೆ ಢಬ್ ಎನ್ನುತ್ತದೆ, ಸ್ಪೀಕರಿನ ಪೊರೆಗೂ ಒಳ್ಳೆಯದಲ್ಲ. ಆರಿಸುವಾಗ ಆಂಪ್ಲಿಫೈಯರ್ ಮೊದಲು, ಮಿಕ್ಸರ್ ಆಮೇಲೆ. ಹಾಕುವಾಗ ಇದರ ತಿರುಗುಮುರುಗು. ಕೇಬಲ್ ಸುತ್ತಿ, ಕುರ್ಚಿ ಜೋಡಿಸಿ, ಹೊರಡುವ ಹೊತ್ತಿಗೆ ಗಾಡಿಯ ಕೀ ಸಿಗುವುದಿಲ್ಲ. ಫ್ರಿಜ್ ತೆರೆಯಿರಿ. ಒಳಗೆ ದೀಪ ಹತ್ತಲಿಲ್ಲ ಎಂದರೆ, ಸ್ವಿಚ್ ಹಾಕಿ.